ಸೋಮವಾರ ನಿಂತ ಎತ್ತುಗಳು

ಮೊಳಕಾಲ್ಮೂರಿನಲ್ಲಿ ಬುಧವಾರದ ಬೆಳಗಿನ ಐದು ಗಂಟೆ. ತ್ರಿವೇಣಿ ಹಳೆಯ ಮಗ್ಗದ ಕೋಣೆಯಲ್ಲಿ ಟಿ.ವಿ. ಮುಂದೆ ಕೂತಿದ್ದಾರೆ. ಮಗ್ಗ ಈಗಿಲ್ಲ. ಕಾಲು ಇಳಿಬಿಡುತ್ತಿದ್ದ ಗುಂಡಿಗೆ ಹಲಗೆ ಮುಚ್ಚಿ, ಅದರ ಮೇಲೆ ಒಂದು ಕಪ್ಪು ಪೆಟ್ಟಿಗೆ ಇಟ್ಟಿದ್ದಾರೆ. ಟಿ.ವಿ.ಗೆ ಸಿಕ್ಕಿಸಿ ಆಟ ಆಡುವ ಯಂತ್ರ ಅದು, ಗೇಮ್ ಕನ್ಸೋಲ್ ಅನ್ನುತ್ತಾರೆ. ಪರದೆಯ ಮೇಲೆ ಎರಡು ಎತ್ತುಗಳು ಹೊಲ ಉಳುತ್ತಿವೆ. ತ್ರಿವೇಣಿ ಕೈಯಲ್ಲಿನ ಗುಂಡಿಪಟ್ಟಿ ಒತ್ತಿದರೆ ತಿರುಗುತ್ತವೆ, ಬಿಟ್ಟರೆ ನಿಂತು ಬಾಲ ಬೀಸುತ್ತವೆ. ಏಳೂವರೆ ಬಸ್ಸಿಗೆ ಅವರು ಚಳ್ಳಕೆರೆಗೆ ಹೋಗಿ ಈ ಪೆಟ್ಟಿಗೆಯನ್ನು ಕೊರಿಯರ್‌ಗೆ ಕೊಟ್ಟು ಬರಬೇಕು. ಈ ಆಟವನ್ನು ಅವರು ಬರೆದದ್ದು ಈ ಪೆಟ್ಟಿಗೆಗೆಂದೇ. ಇದು ಹೋದರೆ ಎತ್ತುಗಳಿಗೆ ನೆಲವಿಲ್ಲ.

ಇವರಪ್ಪ ನಾಗೇಂದ್ರಪ್ಪ ಇದೇ ಗುಂಡಿಯಲ್ಲಿ ಕೂತು ರೇಷ್ಮೆ ಸೀರೆ ನೇಯುತ್ತಿದ್ದುದನ್ನು ನಾನು ಕಂಡಿದ್ದೇನೆ. ಪಕ್ಕದಲ್ಲಿ ಮಗಳು ಚೌಕಳಿ ಹಾಳೆ ಹರಡಿಕೊಂಡು ಸೀರೆಯ ಅಂಚಿಗೆ ಹಂಸ, ಮಾವಿನಕಾಯಿ ಬರೆಯುತ್ತಿದ್ದಳು. ಅಪ್ಪ ಹೋದ ಮೇಲೆ ಮಗ್ಗವೂ ಹೋಯಿತು. ಚೌಕಳಿ ಮಾತ್ರ ಕೈಯಲ್ಲಿ ಉಳಿಯಿತು. "ಹಂಸ ಬರೆಯೋದೂ ಅದೇ, ಆಟದ ಎತ್ತು ಬರೆಯೋದೂ ಅದೇ ರೀ. ಒಂದೊಂದು ಮನೆ ತುಂಬ್ತಾ ಹೋಗ್ಬೇಕು ಅಷ್ಟೇ" ಎನ್ನುತ್ತಾರೆ ತ್ರಿವೇಣಿ. ಹಗಲೆಲ್ಲ ಬಸ್‌ಸ್ಟ್ಯಾಂಡ್ ಹತ್ತಿರದ ಆನ್‌ಲೈನ್ ಸೆಂಟರಿನಲ್ಲಿ ಊರವರ ಪಹಣಿ, ಜಾತಿ ಪ್ರಮಾಣಪತ್ರದ ಅರ್ಜಿ ತುಂಬುವ ಕೆಲಸ. ದಿನಕ್ಕೆ ನಲವತ್ತು ಜನ. ಆಟಕ್ಕೆ ಸಿಗುವುದು ಬೆಳಗಿನ ಎರಡು ಗಂಟೆ. ಕರೆಂಟು ಇದ್ದರೆ.

ಎರಡು ವರ್ಷದ ಹಿಂದೆ ಹೊರದೇಶದ ಒಂದು ಹೊಸ ಕಂಪನಿ, ನಮ್ಮ ಯಂತ್ರಕ್ಕೆ ಹೊರಗಿನವರೂ ಆಟ ಮಾಡಿಕೊಡಿ ಎಂದು ಕರೆಯಿತು. "ಆಟ ಇಲ್ದಿದ್ರೆ ಬರೀ ಪೆಟ್ಟಿಗೆ ಯಾರು ತಗಂತಾರೆ? ಅವ್ರಿಗೂ ನಮ್ಮಂಥೋರು ಬೇಕು" ಎನ್ನುತ್ತಾರೆ ತ್ರಿವೇಣಿ. ಕರೆದ ರೀತಿ ಚೆನ್ನಾಗಿಯೇ ಇತ್ತು. ಯಂತ್ರವನ್ನು ಒಂದೂವರೆ ವರ್ಷಕ್ಕೆ ಎರವಲು ಕೊಟ್ಟರು. ಮಾರಾಟವಾದರೆ ಹೆಚ್ಚಿನ ಪಾಲು ಮಾಡಿದವರಿಗೇ ಎಂದರು. ಮುಗಿದ ಆಟವನ್ನು ಅವರು ಆಡಿ ನೋಡಿ ಒಪ್ಪಬೇಕು. ಮೂರು ಸಲ ಕಳಿಸಬಹುದು, ಅಷ್ಟೇ.

"ಮನೆಗೆ ಅಳಿಯ ಬಂದಿದ್ರೂ ಇಷ್ಟು ಉಪಚಾರ ಆಗ್ತಿರ್ಲಿಲ್ಲ" ಎಂದು ತಾಯಿ ಗಂಗಲಕ್ಷ್ಮಿ ಪೆಟ್ಟಿಗೆಯತ್ತ ಗಲ್ಲ ಎತ್ತಿ ತೋರಿಸುತ್ತಾರೆ. "ನನ್ನ ಕಾಫಿ ತಡ ಆದ್ರೂ ಅದರ ಧೂಳು ಒರೆಸೋದು ತಪ್ಪಲಿಲ್ಲ."

ಎತ್ತಿನ ನಡಿಗೆ ಕಲಿಯಲು ತ್ರಿವೇಣಿ ಒಂದು ಮುಂಗಾರು ಪೂರ್ತಿ ಭಾನುವಾರ ಭಾನುವಾರ ದೇವಸಮುದ್ರಕ್ಕೆ ಹೋಗಿ ಅಲ್ಲಿನ ರೈತ ದೊಡ್ಡೀರಪ್ಪನವರ ಹೊಲದ ಬದುವಿನ ಮೇಲೆ ಕೂತಿದ್ದರು. ಎಡದೆತ್ತು ತಿರುಗುವಾಗ ಅರೆ ಹೆಜ್ಜೆ ತಡೆಯುತ್ತದೆ ಎಂಬುದನ್ನೂ ಬಿಡದೆ ಆಟಕ್ಕೆ ತಂದರು.

ಮೊದಲ ಸಲ ಕಳಿಸಿದಾಗ ಬಂದ ಉತ್ತರ ಒಂದೇ ಸಾಲು: ಆಟ ಮುಂದಕ್ಕೆ ಹೋಗುತ್ತಿಲ್ಲ, ನಿಂತುಬಿಡುತ್ತದೆ. ಇಲ್ಲಿ ಆಡಿ ನೋಡಿದರೆ ಎತ್ತು ನಡೆಯುತ್ತಿವೆ. ಎರಡು ತಿಂಗಳು ಹುಡುಕಿ, ಸಿಕ್ಕದ್ದನ್ನೆಲ್ಲ ತಿದ್ದಿ ಮತ್ತೆ ಕಳಿಸಿದರು. ಅದೇ ಸಾಲು. ಮೂರನೇ ಸಲವೂ ಅದೇ ಸಾಲು.

ಅದಾಗಿ ಇಪ್ಪತ್ತು ದಿನಕ್ಕೆ ದೊಡ್ಡೀರಪ್ಪ ಪಹಣಿಗೆಂದು ಬಂದವರು, ತಮ್ಮ ಎತ್ತು ಟಿ.ವಿ.ಯಲ್ಲಿ ಹೇಗಿವೆ ನೋಡೋಣ ಎಂದು ಮನೆಗೆ ಬಂದರು. ಎಷ್ಟು ಒತ್ತಿದರೂ ಎತ್ತು ಕದಲಲಿಲ್ಲ. ಅವರು ಗುಂಡಿಪಟ್ಟಿ ಕೆಳಗಿಟ್ಟರು.

"ಇವತ್ತು ಸೋಮಾರ ಅಲ್ವೇನವ್ವ. ಸರಿಯಾಗೈತೆ ಬಿಡು."

ಬಸವಣ್ಣನ ವಾರ ಎತ್ತಿನ ಹೆಗಲಿಗೆ ನಮ್ಮ ಕಡೆ ನೊಗ ಇಡುವುದಿಲ್ಲ. ಯಂತ್ರದ ಗಡಿಯಾರದಲ್ಲಿ ಸೋಮವಾರ ಬಂದರೆ ಆಟದ ಎತ್ತೂ ನಿಲ್ಲುವಂತೆ ತ್ರಿವೇಣಿ ಮೊದಲ ದಿನವೇ ಒಂದು ಸಾಲು ಬರೆದಿದ್ದರು; ಆ ದಿನ ಎತ್ತು ನಿಂತರೆ ಅವರ ಕಣ್ಣಿಗೆ ಅದು ತಪ್ಪೇ ಅಲ್ಲ. ಕಂಪನಿ ಒಪ್ಪಲಿಲ್ಲ ಎಂದು ಅವರು ಹೇಳಿದಾಗ ದೊಡ್ಡೀರಪ್ಪ ಕೇಳಿದ್ದು ಇಷ್ಟೇ: "ಅವ್ರು ಯಾವ ವಾರ ಆಡಿದ್ರು?"

ಮೂರೂ ಪತ್ರ ತೆಗೆದು ನೋಡಿದರು. ಮೂರೂ ಸೋಮವಾರ. ಹೊಸಬರ ಆಟ ನೋಡುವುದಕ್ಕೆ ಆ ಕಂಪನಿ ವಾರದ ಮೊದಲ ದಿನವನ್ನೇ ಇಟ್ಟುಕೊಂಡಿದೆ.

"ಸೋಮವಾರ ಹೂಡಲ್ಲ ಅಂತ ಪರದೆ ಮೇಲೆ ಬರೆದು ಹೇಳ್ಬೇಕು ಅಂತ ಹೊಳೀಲೇ ಇಲ್ಲ ರೀ. ಅದು ಗೊತ್ತಿಲ್ದೋರೂ ಇರ್ತಾರೆ ಅಂತ ಯಾರಿಗ್ಗೊತ್ತು" ಎನ್ನುವಾಗ ಅವರ ಮುಖ ನೋಡಲಾಗುವುದಿಲ್ಲ. ವಿವರಿಸಿ ನಾಲ್ಕು ಪತ್ರ ಬರೆದರು. ನಾಲ್ಕಕ್ಕೂ ಕಂಪನಿಯ ಕಂಪ್ಯೂಟರೇ ತಾನಾಗಿ ಉತ್ತರ ಕೊಟ್ಟಿತು: ನಿಮ್ಮ ಪತ್ರ ತಲುಪಿದೆ. ಐದನೆಯದಾಗಿ ಬಂದದ್ದು ಪೆಟ್ಟಿಗೆ ವಾಪಸ್ ಮಾಡುವ ಗಡುವು.

ಬೆಳಕು ಹರಿಯುತ್ತಿದೆ. ತ್ರಿವೇಣಿ ವೈರು ಕೀಳುತ್ತಾರೆ. ಪೆಟ್ಟಿಗೆ ಅಲುಗಾಡದಂತೆ ಸುತ್ತಲೂ ಹಳೆಯ ಚೌಕಳಿ ಹಾಳೆ ಮುದುರಿ ತುರುಕುತ್ತಾರೆ. ಹೊರಗಿನವರು ಆಟ ಮಾಡಿಕೊಡಬೇಕಾದರೆ ಇಂಥ ಕಂಪನಿಗಳು ಇನ್ನೇನು ಮಾಡಬೇಕು ಎಂದು ಕೇಳುತ್ತೇನೆ.

"ಯಂತ್ರ ಕೊಟ್ರು, ಪಾಲೂ ಕೊಡ್ತೀವಿ ಅಂದ್ರು. ಅದರಲ್ಲಿ ಕಮ್ಮಿ ಮಾಡ್ಲಿಲ್ಲ. ನಮ್ಮ ಸೆಂಟರಿಗೆ ತಪ್ಪು ಅರ್ಜಿ ತಂದೋರ್ನ ನಾನು ಹಂಗೇ ಕಳಿಸಲ್ಲ, ಏನಾಗೈತೆ ಅಂತ ಕೇಳ್ತೀನಿ. ಅಲ್ಲೂ ಒಬ್ರು ಕೂತ್ಕಂಡು ಕೇಳಿದ್ರೆ ಆಗ್ತಿತ್ತು, ಎತ್ತು ಯಾಕಮ್ಮ ನಿಂತಾವೆ ಅಂತ."

ಆ ಸೋಮವಾರದ ಸಾಲನ್ನು ಈಗ ಅಳಿಸಿದ್ದೀರಾ ಎಂದರೆ, ಗೋಣಿದಾರ ಬಿಗಿಯುತ್ತಲೇ ತಲೆ ಅಲ್ಲಾಡಿಸುತ್ತಾರೆ.

"ಇಲ್ಲ ರೀ. ದೊಡ್ಡೀರಪ್ಪ ಮಾವ ಸರಿಯಾಗೈತೆ ಅಂದ್ರಲ್ಲ."