ಕಿತ್ತಳೆ, ಹಸಿರು, ಕಂದು

ವಡೋದರಾದ ಮಕರಪುರದಲ್ಲಿ ನನಗೆ ಕೆಲಸ ಕಲಿಸಿದವರಿಗೆ ಹಸಿರು ಯಾವುದು, ಕಿತ್ತಳೆ ಯಾವುದು ತಿಳಿಯುತ್ತಿರಲಿಲ್ಲ. ಅದು ನನಗೆ ಗೊತ್ತಾಗುವುದಕ್ಕೇ ಒಂದೂವರೆ ವರ್ಷ ಹಿಡಿಯಿತು.

ಅಪ್ಪನನ್ನು ಬ್ಯಾಂಕಿನವರು ವಡೋದರಾಕ್ಕೆ ವರ್ಗ ಮಾಡಿದ್ದರಿಂದ ನಾವು ಧಾರವಾಡ ಬಿಟ್ಟು ಅಲ್ಲಿನ ಮಂಜಲ್‌ಪುರದಲ್ಲಿ ಮನೆ ಹಿಡಿದಿದ್ದೆವು. ಅಜ್ಜಿಯೂ ಜೊತೆಗೆ ಬಂದಿದ್ದಳು. ನನ್ನ ಕನ್ನಡವೆಲ್ಲ ಅವಳ ಬಾಯಿಂದ ಬಂದದ್ದು. ಮನೆಯ ಹೊರಗೆ ಅದನ್ನು ಆಡಲು ಯಾರೂ ಇರಲಿಲ್ಲ. ಡಿಪ್ಲೊಮಾ ಮುಗಿಸಿದ ನಾನು ಕಾರ್ಖಾನೆಗಳ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿಕೊಡುವ ಒಂದು ಸಣ್ಣ ಕಂಪನಿಗೆ ಸೇರಿದೆ. ಮಾಲೀಕ ಶೇಠ್, ಕಾಕಾ, ನಾನು, ಇಷ್ಟೇ ಜನ. ಕಾಕಾ ಎಂದರೆ ಅಲ್ಲಿಯೂ ಚಿಕ್ಕಪ್ಪನೇ, ನಮ್ಮ ಕಡೆಯೂ ಚಿಕ್ಕಪ್ಪನೇ. ಹಾಗಾಗಿ ಮೊದಲ ದಿನವೇ ನಾಲಿಗೆಗೆ ಒಗ್ಗಿತು.

ಕಾಕಾ ಐವತ್ತು ದಾಟಿದವರು, ಮೊದಲು ಮನೆಮನೆಯ ಮಾಳಿಗೆ ಹತ್ತಿ ಟಿವಿ ಆಂಟೆನಾ ಕಟ್ಟುತ್ತಿದ್ದವರು. ನಾನು ಸೇರಿದಾಗ ನೆಟ್‌ವರ್ಕ್ ಎಂದರೆ ಒಂದೇ ಕರಿ ಕೇಬಲ್. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಸರಪಳಿಯಂತೆ ಹೋಗುತ್ತಿತ್ತು. ಒಂದು ಕಡೆ ಸಡಿಲವಾದರೆ ಇಡೀ ಆಫೀಸು ಮಲಗುತ್ತಿತ್ತು. ಆಗ ಕಾಕಾ ಹೇಳುವರು: "ಸರಪಳಿ ಅರ್ಧಕ್ಕೆ ಮುರಿ. ಯಾವ ಅರ್ಧ ಸತ್ತಿದೆ ನೋಡು. ಅದನ್ನೂ ಅರ್ಧಕ್ಕೆ ಮುರಿ. ಗಾಬರಿಯಾದವನು ತುದಿಯಿಂದ ಹುಡುಕ್ತಾನೆ, ದೀಕ್ರಾ." ದೀಕ್ರಾ ಎಂದರೆ ಮಗನೇ. ತಿಂಗಳಿಗೆ ಒಂದಾದರೂ ಹೊಸ ಸಂಗತಿ ಕಲಿಯಬೇಕು ಎಂಬುದು ಅವರ ನೇಮ. ಕಲಿಯದ ತಿಂಗಳು ನನಗೆ ಬೀದಿಯಂಗಡಿಯ ಸೇವ್ ಉಸಳ್, ಬಟಾಣಿಯ ಖಾರದ ತಿಂಡಿ, ಕೊಡಿಸುತ್ತಿರಲಿಲ್ಲ. ಆ ಅಂಗಡಿಯಲ್ಲಿ ಅವರು ಹಸಿರು, ಕಂದು ಎರಡೂ ಚಟ್ನಿ ಬಟ್ಟಲುಗಳನ್ನು ಮೂಸಿ ನೋಡಿಯೇ ಬಡಿಸಿಕೊಳ್ಳುವರು. ಚೊಕ್ಕ ಮನುಷ್ಯ, ಹಳಸಿದೆಯೇ ನೋಡುತ್ತಾರೆ ಎಂದುಕೊಂಡಿದ್ದೆ.

ಆಮೇಲೆ ಹೊಸ ಕೇಬಲ್ ಬಂತು. ಒಳಗೆ ಎಂಟು ತೆಳು ತಂತಿ, ಎರಡೆರಡು ಹೆಣೆದುಕೊಂಡು ನಾಲ್ಕು ಜೋಡಿ: ನೀಲಿ, ಕಿತ್ತಳೆ, ಹಸಿರು, ಕಂದು. ಪ್ರತಿ ಬಣ್ಣಕ್ಕೂ ಜೊತೆಗೊಂದು ಬಿಳಿ ತಂತಿ. ಬಣ್ಣದ ಕ್ರಮ ತಪ್ಪದೆ ಜೋಡಿಸಿ ತುದಿಗೆ ಪ್ಲಾಸ್ಟಿಕ್ ಪ್ಲಗ್ ಒತ್ತಬೇಕು. ಕ್ರಮ ತಪ್ಪಿದರೆ ಆ ಕಂಪ್ಯೂಟರ್ ಮೂಕ. ಕಾಕಾ ಒಂದು ಪದ್ಧತಿ ಹಾಕಿದರು. "ನೀನು ತಂತಿ ಜೋಡಿಸು, ಒಂದೊಂದೇ ಬಣ್ಣ ಕೂಗಿ ಹೇಳು. ನಾನು ಒತ್ತುತ್ತೇನೆ. ಬಾಯಿಪಾಠ ಆಗಬೇಕಲ್ಲ?" ನಾನು ಮಗ್ಗಿ ಒಪ್ಪಿಸುವವನಂತೆ ಕೂಗುತ್ತಿದ್ದೆ. ಇಂಥ ಗುರು ಯಾರಿಗೆ ಸಿಗುತ್ತಾರೆ ಎಂದು ಮನೆಯಲ್ಲಿ ಹೇಳಿಕೊಳ್ಳುತ್ತಿದ್ದೆ.

ಸೂರತ್ತಿನ ಪಕ್ಕದ ಸಚಿನ್ ಎಂಬ ಊರಿನಲ್ಲಿ ಒಂದು ಬಣ್ಣದ ಕಾರ್ಖಾನೆಯ ಕೆಲಸ ಸಿಕ್ಕಿತು. ಒಂದು ದಿನ ಮೇಲಿನ ಮಹಡಿಯಲ್ಲಿ ನಾನು, ಕೆಳಗಿನ ಉಗ್ರಾಣದಲ್ಲಿ ಕಾಕಾ ಒಬ್ಬರೇ. ಮಧ್ಯಾಹ್ನ ಇಳಿದು ಬಂದು ನೋಡಿದರೆ ಅವರು ಒತ್ತಿದ ಹನ್ನೆರಡು ತುದಿಗಳಲ್ಲಿ ಹತ್ತು ತಪ್ಪು. ನೀಲಿ ಮಾತ್ರ ಎಲ್ಲದರಲ್ಲೂ ಸರಿ. "ಬೆಳಕು ಸಾಲದು ದೀಕ್ರಾ" ಎಂದರು. ತಲೆಯ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿತ್ತು. ನಾನು ಹತ್ತನ್ನೂ ಕತ್ತರಿಸಿ ಮತ್ತೆ ಒತ್ತಿದೆ.

ವಾಪಸು ಬರುವ ರೈಲಿನಲ್ಲಿ ಭರೂಚ್ ದಾಟಿದ ಮೇಲೆ ಅವರೇ ಬಾಯಿಬಿಟ್ಟರು. "ಕಿತ್ತಳೆ, ಹಸಿರು, ಕಂದು ನನ್ನ ಕಣ್ಣಿಗೆ ಒಂದೇ ತಾಯಿಯ ಮಕ್ಕಳು. ಹುಟ್ಟಿನಿಂದ ಹೀಗೇ. ಕರಿ ಕೇಬಲ್ ಇರೋವರೆಗೆ ಯಾರಿಗೂ ಬೇಕಾಗಿರಲಿಲ್ಲ."

"ಶೇಠ್‌ಗೆ?"

"ಹೇಳಿದರೆ ನಾಳೆಯಿಂದ ಮನೆ. ಈ ವಯಸ್ಸಲ್ಲಿ ಮತ್ತೆ ಮಾಳಿಗೆ ಹತ್ತಲಾ? ಈಗ ಆಂಟೆನಾನಾದರೂ ಯಾರು ಹಾಕಿಸ್ತಾರೆ?"

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಮುಂದಿನ ಎಂಟು ತಿಂಗಳು ನಾನು ಅವರ ಕಣ್ಣಾಗಿದ್ದೆ ಎಂದು ಬರೆದರೆ ನನ್ನ ಹೆಚ್ಚುಗಾರಿಕೆಯಾದೀತು. ನನ್ನ ತಲೆಯಲ್ಲಿ ಇದ್ದದ್ದೆಲ್ಲ ಅವರು ತುಂಬಿದ್ದು. ನಾನು ಕೊಟ್ಟದ್ದು ಮೂರು ಬಣ್ಣ.

ಅಷ್ಟರಲ್ಲಿ ಶೇಠ್, ಅಹಮದಾಬಾದಿನಲ್ಲಿ ಮೂರು ವಾರದ ತರಬೇತಿ ಇದೆ, ಒಬ್ಬರು ಹೋಗಿ ದೂರದೂರದ ಆಫೀಸುಗಳನ್ನು ಬೆಸೆಯುವ ರೂಟರ್ ಕೆಲಸ ಕಲಿತು ಬನ್ನಿ ಎಂದ. ನನ್ನ ಹೆಸರು ಹೇಳಿದ್ದು ಕಾಕಾನೇ. ಆದರೆ ಅದೇ ಮೂರು ವಾರದಲ್ಲಿ ಸಚಿನ್ ಕಾರ್ಖಾನೆಯ ಎರಡನೇ ಕಟ್ಟಡದ ಕೆಲಸವೂ ಬಿದ್ದಿತ್ತು. ತರಬೇತಿಯ ಮುಂದಿನ ತಂಡ ಎರಡು ತಿಂಗಳ ಮೇಲೆ. ಅದಕ್ಕೆ ಹೋಗುತ್ತೇನೆ ಎನ್ನಬಹುದಿತ್ತು.

"ಕಾಕಾ, ಒಬ್ಬರೇ ನಿಭಾಯಿಸ್ತೀರಾ?"

"ಜಾ ಜಾ, ಹೋಗಿ ಬಾ. ನೀನು ಹುಟ್ಟೋಕೆ ಮುಂಚೆ ನನ್ನ ಕೈಗೆ ಇಕ್ಕಳ ಬಂದಿತ್ತು. ಯಾರನ್ನಾದರೂ ಕೇಳಿಕೊಂಡು ಮಾಡ್ತೀನಿ."

ನನಗೆ ಬೇಕಾದ ಉತ್ತರವೇ ಅದಾಗಿತ್ತು. ಮತ್ತೊಮ್ಮೆ ಕೇಳಲಿಲ್ಲ. ಮನೆಯಲ್ಲಿ ಅಜ್ಜಿ ಎಲ್ಲ ಕೇಳಿಸಿಕೊಂಡು, "ಮುಂದ ಹೋಗೂ ಮುಂದ ಹಿಂದಿನವ್ರನ್ನ ಒಮ್ಮೆ ಹೊಳ್ಳಿ ನೋಡಬೇಕಪಾ ತಮ್ಮಾ" ಎಂದಳು.

"ಮೂರೇ ವಾರ ಅಜ್ಜಿ."

"ಮೂರು ವಾರ ನಿನಗ. ಅವಗ ಎಷ್ಟೋ."

ಅಹಮದಾಬಾದಿನಲ್ಲಿ ಎರಡನೇ ವಾರದ ಮಂಗಳವಾರ ಮೇಷ್ಟ್ರು ಅದೇ ಕೇಬಲ್ ಸುಲಿದು ತೋರಿಸಿದರು. ಒಂದು ಜೋಡಿಯ ಮಾತು ಇನ್ನೊಂದಕ್ಕೆ ಸೋರಬಾರದೆಂದು ನಾಲ್ಕನ್ನೂ ಬೇರೆ ಬೇರೆ ಬಿಗಿತದಲ್ಲಿ ಹೆಣೆದಿರುತ್ತಾರಂತೆ. ಒಂದೇ ಪೆಟ್ಟಿಗೆಯ ಕೇಬಲ್ಲಿನಲ್ಲಿ ಈ ಹೆಣಿಗೆ ಕೊನೆಯವರೆಗೂ ಬದಲಾಗದು. ಬೆಂಚಿನ ಕೆಳಗೆ ಒಂದು ತುಂಡು ಹಿಡಿದು ಕಣ್ಣು ಮುಚ್ಚಿ ಸವರಿದೆ. ತಿಳಿಯಿತು. ಒಂದು ಒತ್ತಾದ ಹೆಣಿಗೆ, ಒಂದು ಸಡಿಲ, ಉಳಿದೆರಡು ನಡುವೆ. ಜೋಡಿಯೊಳಗಿನ ಬಿಳಿ ತಂತಿಯಂತೂ ಯಾವ ಕಣ್ಣಿಗೂ ಕಾಣುತ್ತದೆ. ಕಾಕಾನಿಗೆ ಬಣ್ಣವೇ ಬೇಕಿಲ್ಲ!

ಸಂಜೆ ಎಸ್‌ಟಿಡಿ ಬೂತಿನ ಮುಂದೆ ನಿಂತಿದ್ದೆ. ಕಾಕಾನ ಮನೆಯಲ್ಲಿ ಫೋನಿರಲಿಲ್ಲ. ಆಫೀಸಿಗೆ ಮಾಡಿದರೆ ಶೇಠ್ ಎತ್ತುತ್ತಾನೆ, ಯಾಕೆ ಎಂದು ಕೇಳುತ್ತಾನೆ. ವಡೋದರಾ ರೈಲಿನಲ್ಲಿ ಎರಡು ಗಂಟೆಯ ದಾರಿ. ಆದರೆ ಬುಧವಾರದ ಪಾಠವೇ ಇಡೀ ತರಬೇತಿಯ ಜೀವ ಎಂದಿದ್ದರು. ವಾಪಸು ಹೋದಾಗ ಖುದ್ದಾಗಿ ತೋರಿಸಿ ಆಶ್ಚರ್ಯಪಡಿಸುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡು ಕೋಣೆಗೆ ನಡೆದೆ.

ಮರಳಿ ಬಂದ ದಿನ ಕಾಕಾನ ಕುರ್ಚಿ ಖಾಲಿ ಇತ್ತು. ಶೇಠ್ ಕೆಂಡವಾಗಿದ್ದ. "ಸಚಿನ್‌ನವರು ಅವನನ್ನ ಹಿಡಿದರು. ಕಾರ್ಖಾನೆಯ ಕೂಲಿಯವನಿಗೆ ತಂತಿ ತೋರಿಸಿ, ಭಾಯಿ, ಇದರಲ್ಲಿ ಹಸಿರು ಯಾವುದು ಅಂತ ಕೇಳ್ತಿದ್ದನಂತೆ. ಬಣ್ಣ ತಯಾರಿಸೋ ಕಾರ್ಖಾನೆಗೆ ಬಣ್ಣಗುರುಡನನ್ನ ಕಳಿಸಿದ್ದೀಯಲ್ಲ ಶೇಠ್ ಅಂತ ನಕ್ಕರು! ನಿನಗೆ ಗೊತ್ತಿತ್ತಾ?"

"ಇಲ್ಲ" ಎಂದೆ.

"ಅವನೂ ಹಾಗೇ ಅಂದ. ಹುಡುಗನಿಗೆ ಏನೂ ಗೊತ್ತಿಲ್ಲ ಅಂತ." ಶೇಠ್ ಕೀಲಿಗೊಂಚಲು ನನ್ನ ಮುಂದಿಟ್ಟ. "ಇನ್ನು ಮೇಲೆ ಎಲ್ಲ ನೀನೇ."

ಅವತ್ತೇ ಸಂಜೆ ಪೆಟ್ಟಿಗೆಯಿಂದ ಒಂದು ಗೇಣು ಕೇಬಲ್ ಕತ್ತರಿಸಿ ಕಿಸೆಗೆ ಹಾಕಿಕೊಂಡು ಕಾಕಾನ ಮನೆಗೆ ಹೋದೆ. ಅವರು ಜೋಕಾಲಿಯ ಮೇಲೆ ಕೂತಿದ್ದರು. ಮೈ ಇಳಿದಿತ್ತು. "ಆವ್ ದೀಕ್ರಾ" ಎಂದು ಪಕ್ಕಕ್ಕೆ ಸರಿದರು. ಹೆಣಿಗೆಯ ಗುಟ್ಟು ವಿವರಿಸಿ ತುಂಡನ್ನು ಕೈಗಿಟ್ಟೆ. ಅವರು ಸಿಪ್ಪೆ ಸುಲಿದರು. ಒಂದೊಂದೇ ಜೋಡಿಯನ್ನು ಹೆಬ್ಬೆರಳಿನಿಂದ ಸವರಿದರು. ಒಮ್ಮೆ ಯಾವುದು ಯಾವುದೆಂದು ಹೇಳಿಕೊಟ್ಟೆ. ಆಮೇಲೆ ನಾನು ಕಲಸಿ ಕೊಟ್ಟರೆ ಅವರು ನಾಲ್ಕನ್ನೂ ಸಾಲಾಗಿ ತೊಡೆಯ ಮೇಲಿಟ್ಟರು. ಮತ್ತೆ ಕಲಸಿದೆ. ಮತ್ತೆ ಇಟ್ಟರು. ಒಮ್ಮೆಯೂ ತಪ್ಪಲಿಲ್ಲ.

"ಸರಿನಾ?"

"ಸರಿ ಕಾಕಾ. ಶೇಠ್ ಮುಂದೆ ಮಾಡಿ ತೋರಿಸಿ..."

"ನಕ್ಕದ್ದನ್ನ ಕೇಳಿಸಿಕೊಂಡವನು ಅವನು. ಇನ್ನು ನನ್ನನ್ನ ಎಲ್ಲಿಗೂ ಕಳಿಸೋದಿಲ್ಲ." ತಂತಿಗಳನ್ನು ಸವರುತ್ತಲೇ ಕೇಳಿದರು: "ಇದು ನಿನಗೆ ಯಾವತ್ತು ಗೊತ್ತಾಯಿತು?"

ಸುಳ್ಳು ಹೇಳಬಹುದಿತ್ತು. ಬೆಳಗ್ಗೆ ಒಂದು ಹೇಳಿ ಆಗಿತ್ತು. "ಎರಡನೇ ವಾರದ ಮಂಗಳವಾರ."

"ನನ್ನನ್ನ ಹಿಡಿದದ್ದು ಅದೇ ವಾರದ ಶನಿವಾರ" ಎಂದರು.

ಜೋಕಾಲಿ ನಿಂತಿತು. ಒಳಗಿದ್ದ ಹೆಂಡತಿಯನ್ನು ಕೂಗಿ, ಹುಡುಗ ಬಂದಿದ್ದಾನೆ, ಚಹಾ ಇಡು ಎಂದರು. ಚಹಾ ಬರುವವರೆಗೆ ಅಹಮದಾಬಾದಿನಲ್ಲಿ ಬೇರೇನು ಕಲಿತೆ ಎಂದು ಕೇಳಿದರು. ನಾನು ಹೇಳುತ್ತಾ ಹೋದೆ, ಅವರು ಹೂಂಗುಟ್ಟುತ್ತಾ ಹೋದರು. ಮರುದಿನ ಬೆಳಗಿನ ಗಾಡಿಗೆ ಸಚಿನ್‌ಗೆ ಹೋಗಿ, ಎರಡನೇ ಕಟ್ಟಡದಲ್ಲಿ ಅವರು ಒತ್ತಿದ್ದ ತುದಿಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿ ಮತ್ತೆ ಒತ್ತಿದೆ.