ಸುಮ್ಮನಿದ್ದವರ ಲೈನನ್ನೂ ಕತ್ತರಿಸದ ಲೈನಕ್ಕ

ಬೆಳಗಿನ ಐದಕ್ಕೆ ಇನ್ನೂ ಏಳು ನಿಮಿಷ. ಐವತ್ತಾರರ ಹೆಂಗಸೊಬ್ಬರು ಅಡುಗೆಮನೆಗೆ ಹೋಗಿ ಫ್ರಿಜ್‌ನ ಪ್ಲಗ್ ಕಿತ್ತು ಬರುತ್ತಾರೆ. ಅದು ಗುರ್ ಎಂದರೆ ಮೈಕಿಗೆ ಕೇಳಿಸುತ್ತದಂತೆ. ಪಕ್ಕದ ಉಗ್ರಾಣವೇ ಇವರ ಸ್ಟುಡಿಯೊ. ಗೋಡೆಗೆ ಎರಡು ಹಳೆಯ ಹಾಸಿಗೆ ಒರಗಿಸಿದ್ದಾರೆ, ಬಾಗಿಲ ಸಂದಿಗೆ ಕಂಬಳಿ ತುರುಕಿದ್ದಾರೆ. ಮೇಜಿನ ಮೇಲೆ ಲ್ಯಾಪ್‌ಟಾಪ್, ಮೈಕು, ಎರಡು ಫೋನು, ಒಂದು ಚೊಂಬು ನೀರು. ಐದು ಹೊಡೆಯುತ್ತಿದ್ದಂತೆ ಹೆಡ್‌ಫೋನ್ ಸರಿಮಾಡಿಕೊಂಡು, "ಲೈನ್‌ನಲ್ಲಿದೀನಿ, ಮಾತಾಡಿ" ಎನ್ನುತ್ತಾರೆ. ಅವರ ಇಂಟರ್ನೆಟ್ ರೇಡಿಯೊ ಕಾರ್ಯಕ್ರಮದ ಹೆಸರೂ ಅದೇ. ಕೇಳುಗರ ಬಾಯಲ್ಲಿ ಇವರು ಲೈನಕ್ಕ.

ಐದರಿಂದ ಏಳರವರೆಗೆ, ವಾರಕ್ಕೆ ಆರು ದಿನ. ದಿನಕ್ಕೆ ಹದಿನಾಲ್ಕರಿಂದ ಹದಿನೆಂಟು ಕರೆ. ಪಾಳಿ ಮುಗಿಸಿ ಬಸ್ಸಿಗೆ ಕಾಯುವ ನರ್ಸು, ಗೇಟು ಬಿಟ್ಟು ಅಲ್ಲಾಡಲಾಗದ ಕಾವಲುಗಾರ, ಹಾಲಿನ ವ್ಯಾನಿನವರು, ನಿದ್ದೆಯೊಂದಿಗೆ ಮುನಿಸಿಕೊಂಡ ವಯಸ್ಸಾದವರು. ಇವರಿಗೆಲ್ಲ ಆ ಹೊತ್ತಿನಲ್ಲಿ ಮಾತಾಡಿಸುವವರು ಯಾರಿರುತ್ತಾರೆ? ಲೈನಕ್ಕ ಬುದ್ಧಿ ಹೇಳುವುದಿಲ್ಲ, ಪರಿಹಾರ ಕೊಡುವುದಿಲ್ಲ. "ಹೂಂ", "ಆಮೇಲೆ?" ಎರಡರಲ್ಲೇ ಮುಕ್ಕಾಲು ಕಾರ್ಯಕ್ರಮ ಮುಗಿಸುತ್ತಾರೆ. ಟಿವಿಯ ಚರ್ಚೆಗಳಲ್ಲಿ ಗಂಟಲು ಹರಿದುಕೊಳ್ಳುವವರು ಒಂದು ದಿನ ಈ ಉಗ್ರಾಣದಲ್ಲಿ ಬಂದು ಕೂರಬೇಕು ಎಂದು ನನಗೆ ಅನ್ನಿಸಿತು.

ಇಪ್ಪತ್ತಾರು ವರ್ಷ ಇವರು ದೊಡ್ಡ ಆಸ್ಪತ್ರೆಯೊಂದರ ಟೆಲಿಫೋನ್ ಆಪರೇಟರ್. ಯಾವ ವಾರ್ಡು, ಯಾವ ಡಾಕ್ಟರು, ಯಾರ ಅಮ್ಮನಿಗೆ ಎಚ್ಚರವಾಯಿತು, ಎಲ್ಲವೂ ಇವರ ಕಿವಿ ದಾಟಿಯೇ ಹೋಗಬೇಕಿತ್ತು. ಆಪರೇಟರ್ ಹೆಂಗಸರು ತಮ್ಮತಮ್ಮಲ್ಲೇ ಮಾಡಿಕೊಂಡಿದ್ದ ಕಟ್ಟುಪಾಡು ಒಂದಿತ್ತು: ಕರೆ ಮಾಡಿದವರು ಇಡುವ ತನಕ ತಾವು ಫೋನ್ ಇಡಬಾರದು.

"ಆಸ್ಪತ್ರೆಗೆ ಫೋನ್ ಮಾಡೋರು ಕೇಳ್ಬೇಕಾದ್ದನ್ನ ಕೊನೇಲೇ ಕೇಳೋದು" ಎನ್ನುತ್ತಾರೆ. "ಬೆಡ್ ನಂಬರ್ ಕೇಳ್ತಾರೆ, ಬಿಲ್ ಕೌಂಟರ್ ಎಲ್ಲಿ ಅಂತಾರೆ. ಆಯ್ತು ಅಂತಾರೆ. ಆಮೇಲೆ ಸ್ವಲ್ಪ ಹೊತ್ತು ಸುಮ್ನಿದ್ದು, ಬದುಕ್ತಾರಾ ಅಂತ ಕೇಳ್ತಾರೆ. ಅಷ್ಟರಲ್ಲಿ ನಾವು ಇಟ್ಬಿಟ್ರೆ?"

ಆಮೇಲೆ ಅದೇ ಮೇಜಿಗೆ ಒಂದು ಯಂತ್ರ ಬಂತು. ಹೊರರೋಗಿಗಳಿಗೆ ಒಂದನ್ನು ಒತ್ತಿ, ತುರ್ತಿಗೆ ಎರಡನ್ನು ಒತ್ತಿ. ಲೈನಕ್ಕ ಮನೆಗೆ ಬಂದರು. ಎರಡು ತಿಂಗಳು ಮನೆಯ ಫೋನ್ ಯಾವಾಗ ಬಡಿದುಕೊಂಡರೂ ಆಸ್ಪತ್ರೆಯ ಹೆಸರನ್ನೇ ಹೇಳುತ್ತಿದ್ದರಂತೆ. ಅದನ್ನು ಕೇಳಲಾಗದೆ ಲಿಫ್ಟ್ ಮೆಕ್ಯಾನಿಕ್ ಆಗಿರುವ ಅವರ ತಮ್ಮ ಈ ರೇಡಿಯೊ ಕಟ್ಟಿಕೊಟ್ಟರು. "ಸಂಬಳ ಕೊಡ್ತಿದ್ದಾಗ ಆಡಿದ ಮಾತು ಸಾಲದು ಅಂತ ಈಗ ಬಿಟ್ಟಿ ಆಡ್ತಾಳೆ" ಎಂದು ಅತ್ತೆ ಮಾಡುವ ಗೇಲಿಗೆ ಈಗ ಮೂರು ವರ್ಷ. ಆದರೆ ನಾಲ್ಕೂಮುಕ್ಕಾಲಿಗೆ ಎದ್ದು ಸೊಸೆಗೆ ಕಾಫಿ ಕಾಯಿಸುವವರೂ ಅವರೇ.

ಮೊದಲ ಹನ್ನೊಂದು ದಿನ ಒಂದೂ ಕರೆ ಬರಲಿಲ್ಲ. ಹನ್ನೆರಡನೆಯ ದಿನ ಬಂದದ್ದು ರಾಂಗ್ ನಂಬರ್, ಗ್ಯಾಸ್ ಸಿಲಿಂಡರ್ ಬೇಕಿತ್ತು ಆತನಿಗೆ. ಲೈನಕ್ಕ ಆತನನ್ನೇ ಒಂಬತ್ತು ನಿಮಿಷ ಮಾತಾಡಿಸಿದರು. ಆ ಗಿರಾಕಿ ಈಗಲೂ ವಾರಕ್ಕೊಮ್ಮೆ ಕರೆ ಮಾಡುತ್ತಾನೆ. ಮೆಲ್ಲಗೆ ಕೇಳುಗರು ಮುನ್ನೂರು ದಾಟಿದರು.

ಲೈನಕ್ಕ ತಾವಾಗಿ ಹೇಳುವುದು ಇಷ್ಟೆ. ಮುಂದಿನದನ್ನು ನಾನು ಕೇಳಿ ಪಡೆಯಬೇಕಾಯಿತು.

ಇಂಟರ್ನೆಟ್ ರೇಡಿಯೊದಲ್ಲಿ ಇಲ್ಲಿ ಆಡಿದ ಮಾತು ಕೇಳುಗರನ್ನು ಮುಟ್ಟಲು ಅರ್ಧ ನಿಮಿಷ ಬೇಕು. ಅದಕ್ಕೇ ಕರೆ ಮಾಡುವವರು ಮೊದಲು ತಮ್ಮ ಮನೆಯ ರೇಡಿಯೊ ಆರಿಸಬೇಕು, ಇಲ್ಲದಿದ್ದರೆ ಅರ್ಧ ನಿಮಿಷದ ಹಿಂದಿನ ಸದ್ದು ಫೋನಿನಲ್ಲಿ ಮತ್ತೆ ಕೇಳಿಸುತ್ತದೆ. ಇನ್ನೊಂದು ಸಂಗತಿ: ಲೈನಕ್ಕನ ಹೆಡ್‌ಫೋನಿನಲ್ಲಿ ಕೇಳುವುದು ಫೋನಿನ ದನಿ ಮಾತ್ರ, ಹೊರಗೆ ಹೋಗುವ ಪ್ರಸಾರ ಅಲ್ಲ. ಲಿಫ್ಟಿಗೆ ಬ್ರೇಕು ಇಲ್ಲದೆ ತಮ್ಮನಿಗೆ ಸಮಾಧಾನವಿಲ್ಲ. ಹಾಗಾಗಿ ರೇಡಿಯೊಗೂ ಒಂದನ್ನು ಹಾಕಿದ್ದರು. ಹತ್ತು ಸೆಕೆಂಡ್ ಸದ್ದಿಲ್ಲದಿದ್ದರೆ ಸಂಪರ್ಕ ಕೆಟ್ಟಿದೆ ಎಂದುಕೊಂಡು ಕಂಪ್ಯೂಟರ್ ತಾನಾಗಿಯೇ ಒಂದು ಹಾಡು ಹಚ್ಚುತ್ತಿತ್ತು. ತಮ್ಮ ಆರಿಸಿಟ್ಟದ್ದು ಕುಣಿಯುವ ಹಾಡು, ಕೇಳಿದವರಿಗೆ ನಿದ್ದೆ ಹಾರಲಿ ಎಂದು.

ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರು ಮಂಗಳವಾರ, ಗುರುವಾರ ತಪ್ಪದೆ ಕರೆ ಮಾಡುತ್ತಿದ್ದರು. ಹಾಸಿಗೆ ಹಿಡಿದಿದ್ದ ಅವರ ಹೆಂಡತಿ ತಲೆದಿಂಬಿನ ಬಳಿಯ ಮೊಬೈಲಿನಲ್ಲಿ ಕಾರ್ಯಕ್ರಮ ಕೇಳುತ್ತಿದ್ದರು. ಗಂಡ ರೇಡಿಯೊದಲ್ಲಿ ತನ್ನನ್ನೇ ರೇಗಿಸುವುದನ್ನು ಕೇಳಿ ಆಕೆ ನಗುತ್ತಿದ್ದರಂತೆ. ಹದಿನೇಳು ತಿಂಗಳ ಹಿಂದೆ, ಒಂದು ಗುರುವಾರ, ಅವರ ಕರೆ ಬಂತು.

"ಈಗ್ತಾನೆ ಹೋಗ್ಬಿಟ್ಲು ಅಂದ್ರು" ಎನ್ನುತ್ತಾರೆ ಲೈನಕ್ಕ. "ಅವಳು ಅಂತ ಶುರು ಮಾಡಿದ್ರು, ಮುಂದೆ ಆಗ್ಲಿಲ್ಲ. ನಾನೂ ಏನೂ ಹೇಳಲಿಲ್ಲ. ಹೇಳೋಕೇನಿದೆ? ಜೊತೆಗಿದ್ದೆ ಅಷ್ಟೆ. ಸ್ವಲ್ಪ ಹೊತ್ತಿಗೆ ಅವರ ಮನೇಲಿ ಯಾರೋ ಹಾಡು ಹಾಕಿದ್ದು ಕೇಳಿಸ್ತು. ಇಂಥ ಹೊತ್ತಲ್ಲಿ ಯಾರಪ್ಪ ಇವರು ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು. ಅದು ನಮ್ಮದೇ ಹಾಡು."

ತಲೆದಿಂಬಿನ ಬಳಿಯ ಮೊಬೈಲನ್ನು ಆರಿಸುವುದು ಆ ಹೊತ್ತಿನಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಹೆಂಡತಿಯ ದೇಹದ ಪಕ್ಕದಲ್ಲೇ ಆ ಕುಣಿತದ ಹಾಡು ಮೊಳಗಿತು. ಫೋನು ಪಟ್ಟನೆ ಕಟ್ಟಾಯಿತು.

ಲೈನಕ್ಕ ಮೂರು ದಿನ ಪ್ರಸಾರದಲ್ಲೇ ಕ್ಷಮೆ ಕೇಳಿದರು. ಒಂದು ವಾರ ಆ ಹಿರಿಯರ ನಂಬರಿಗೆ ಕರೆ ಮಾಡಿದರು. ಅವರು ಎತ್ತಲಿಲ್ಲ. "ಅದಕ್ಕಿಂತ ಹೆಚ್ಚಿಗೆ ಮಾಡಿದ್ರೆ ಕ್ಷಮೆ ಕೇಳಿದ ಹಾಗಲ್ಲ, ಕಾಟ ಕೊಟ್ಟ ಹಾಗೆ. ಬಿಟ್ಟೆ. ಆದ್ರೆ ಮನಸ್ಸಿಂದ ಹೋಗಿಲ್ಲ. ಆ ಮನುಷ್ಯನ ಮಾತು ಅರ್ಧದಲ್ಲೇ ಇದೆ, ಅದನ್ನ ಕೇಳೋ ಸಾಲ ನನ್ನ ಮೇಲಿದೆ."

ತಮ್ಮ ತಲೆ ತಗ್ಗಿಸಿಕೊಂಡು ಬಂದು ಆ ಬ್ರೇಕನ್ನು ಕಿತ್ತುಹಾಕಿದರು. ಅಂದಿನಿಂದ ಇಲ್ಲಿ ಮೌನವೂ ಪ್ರಸಾರವಾಗುತ್ತದೆ. ರೇಡಿಯೊ ಕೆಟ್ಟಿತೆಂದು ತಿಳಿದು ನೂರಕ್ಕೂ ಹೆಚ್ಚು ಜನ ಕಾಲ್ಕಿತ್ತರು. ಈಗ ಉಳಿದವರು ಇನ್ನೂರರ ಆಸುಪಾಸು. "ಹೋದೋರು ಹೋಗ್ಲಿ" ಎನ್ನುತ್ತಾರೆ ಲೈನಕ್ಕ. ಮಂಗಳವಾರ, ಗುರುವಾರ ಐದೂವರೆಯಾಯಿತೆಂದರೆ ಅವರ ಕಣ್ಣು ತಾನಾಗಿಯೇ ಫೋನಿನತ್ತ ಹೊರಳುತ್ತದೆ.

ನಾನು ಸತತ ಮೂರು ದಿನ ಅಲ್ಲಿ ಹೋಗಿ ಕೂತಿದ್ದೆ. ಕೊನೆಯ ದಿನ, ಬುಧವಾರ, ಅಂಥದ್ದೊಂದು ಮೌನದ ಕರೆ ಬಂತು. ಹೆಂಗಸಿನ ದನಿ, "ಅಕ್ಕಾ" ಎಂದಿತು, ಅಷ್ಟೆ. ಉಸಿರು ಮಾತ್ರ ಕೇಳುತ್ತಿತ್ತು. ಲೈನಕ್ಕ "ಇದೀನಿ" ಎಂದರು. ಅದಾದ ಮೇಲೆ ನಾಲ್ಕು ನಿಮಿಷ ಮಾತಿಲ್ಲ. ಕೆಮ್ಮು ಬಂದೀತೆಂಬ ಭಯಕ್ಕೆ ನಾನು ಬಾಯಿಗೆ ಕರ್ಚೀಫು ಒತ್ತಿಕೊಂಡು ಕೂತೆ. ನಾಲ್ಕು ನಿಮಿಷ ಎಷ್ಟು ಉದ್ದವೆಂದು ಅವತ್ತು ತಿಳಿಯಿತು. "ಸಾಕಕ್ಕಾ, ಈಗ ಪರವಾಗಿಲ್ಲ" ಎಂದು ಆಕೆ ಫೋನ್ ಇಟ್ಟರು.

ಈ ಬರಹ ಅಲ್ಲಿಗೇ ಮುಗಿಯಬೇಕಿತ್ತು. ಮರುದಿನ, ಗುರುವಾರ, ಅಭ್ಯಾಸವಾಗಿಬಿಟ್ಟಿದ್ದರಿಂದ ಮನೆಯಲ್ಲೇ ಐದಕ್ಕೆ ಎದ್ದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆ. ಐದೂ ನಲವತ್ತಕ್ಕೆ ಒಂದು ಗಂಡು ದನಿ.

"ರೇಡಿಯೊ ಆರಿಸಿದೀನಿ" ಎಂದಿತು ಮೊದಲು. ಅಷ್ಟಕ್ಕೇ ದನಿಯ ಗುರುತು ಹತ್ತಿತ್ತು ಎಂದು ಲೈನಕ್ಕ ಆಮೇಲೆ ಹೇಳಿದರು.

"ದಿನಾ ಕೇಳ್ತಾನೇ ಇದೀನಮ್ಮ. ಕೋಪ ಇತ್ತು, ಆದ್ರೂ ಕೇಳ್ತಿದ್ದೆ. ನಿನ್ನೆ ಆ ಹುಡುಗಿ ಸುಮ್ನಿದ್ಲಲ್ಲ, ನೀವೂ ಸುಮ್ನಿದ್ರಿ. ನಾನೂ ಕೆಲಸ ಬಿಟ್ಟು ಕೂತಿದ್ದೆ. ಹಾಡು ಬರ್ಲಿಲ್ಲ. ಅವತ್ತು ಅರ್ಧಕ್ಕೆ ನಿಂತಿತ್ತು. ಈಗ ಹೇಳ್ಲಾ?" ಎಂದರು.

"ಹೇಳಿ" ಎಂದರು ಲೈನಕ್ಕ.

ಅವರು ಹತ್ತೊಂಬತ್ತು ನಿಮಿಷ ಹೆಂಡತಿಯ ಬಗ್ಗೆ ಮಾತಾಡಿದರು. ಅದು ಕೇಳಿದ ಇನ್ನೂರು ಜನರದ್ದು, ಇಲ್ಲಿ ಬರೆಯುವುದಿಲ್ಲ. ಆ ಹೊತ್ತಿನಲ್ಲಿ ಬೇರೆ ಯಾರೂ ಲೈನಿಗೆ ಬರಲು ಯತ್ನಿಸಲಿಲ್ಲವೆಂದು ಕೇಳಿ ನನ್ನ ಕಣ್ಣು ತುಂಬಿತು.

ಮಧ್ಯಾಹ್ನದ ಹೊತ್ತಿಗೆ ನಾನೇ ಫೋನ್ ಮಾಡಿದೆ. ಹೇಗನ್ನಿಸುತ್ತಿದೆ ಎಂದು ಕೇಳಿದ್ದು ದಡ್ಡ ಪ್ರಶ್ನೆ. ಲೈನಕ್ಕ ಮೂಗೊರೆಸಿಕೊಂಡು, ಫ್ರಿಜ್ ಪ್ಲಗ್ ಹಾಕೋದು ಮರೆತು ಹಾಲು ಕೆಟ್ಟಿದೆ, ಅತ್ತೆ ಬೈತಾ ಇದಾರೆ ಎಂದರು. ಆಮೇಲೆ ದನಿ ತಗ್ಗಿಸಿ ಹೇಳಿದರು:

"ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಅರ್ಧಕ್ಕೆ ನಿಂತಿದ್ದು ಅದೊಂದೇ ಕಾಲ್. ಇವತ್ತು ಮುಗೀತು."