ಒಂದೇ ಸಲ ಕೇಳುವ ಗಾಡಿ

ನಾನು ಕಂಪ್ಯೂಟರ್ ವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ ಎಂದರೆ ನಮ್ಮೂರು ಮಾದನಹಿಪ್ಪರಗಾದಲ್ಲಿ ಎಲ್ಲರೂ ತಲೆದೂಗುತ್ತಿದ್ದರು. ಯಾವುದರ ಮೇಲೆ ಎಂದು ಕೇಳಿ, ‘ಚಹಾ ಕೊಡುವ ರೋಬೋಟ್’ ಎಂಬ ಉತ್ತರ ಬಂದ ಮೇಲೆ ತೂಗುವುದು ನಿಲ್ಲುತ್ತಿತ್ತು. ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳಿದವಳು ಹಿರೋಳ್ಳಿಯ ನನ್ನ ಚಿಗವ್ವ ಒಬ್ಬಳೇ.

“ಇಷ್ಟ ವರ್ಷ ಓದಿ ಚಾ ಕೊಡೂದು ಕಲ್ತೇನ ಬೇ? ನಮ್ಮ ಮನ್ಯಾಗಿನ ಹೆಣ್ಣಮಕ್ಕಳಿಗೆ ಅದು ಓದಲಾರದೇ ಬರ್ತದ.”

ವಿಶ್ವವಿದ್ಯಾಲಯದ ಕಾಗದಪತ್ರಗಳಲ್ಲಿ ಅದರ ಹೆಸರು ‘ಮಾನವಕೇಂದ್ರಿತ ಸ್ವಯಂಚಾಲಿತ ಆತಿಥ್ಯ ವ್ಯವಸ್ಥೆ’. ಹೆಸರಿಟ್ಟವರು ನನ್ನ ಮಾರ್ಗದರ್ಶಕರು. ಜೇವರ್ಗಿ ಕಡೆಯವರು, ಒಳ್ಳೆಯ ಮನುಷ್ಯರು, ಆದರೆ ಸಣ್ಣ ಹೆಸರುಗಳೆಂದರೆ ಅವರಿಗೆ ಆಗಿಬರುತ್ತಿರಲಿಲ್ಲ. ಲ್ಯಾಬಿನ ಬೀಗದ ಕೈ ಕಳೆದುಹೋದಾಗ ‘ಪ್ರವೇಶ ನಿಯಂತ್ರಣದಲ್ಲಿ ತಾತ್ಕಾಲಿಕ ಲೋಪ’ ಎಂದು ಬರೆದು ಕಳಿಸಿದ್ದರು. ನಾವೆಲ್ಲ ಅದನ್ನು ಚಾ ಗಾಡಿ ಎನ್ನುತ್ತಿದ್ದೆವು. ಕೆಳಗೆ ಚಕ್ರ, ಮೇಲೆ ತಟ್ಟೆ, ನಡುವೆ ಕ್ಯಾಮೆರಾ ಮತ್ತು ಒಂದು ಸ್ಪೀಕರ್. ಕುಳಿತವರ ಎದುರು ಹೋಗಿ ನಿಂತು, ರೇಡಿಯೋ ವಾರ್ತೆಯ ದನಿಯಲ್ಲಿ “ದಯವಿಟ್ಟು ಚಹಾ ಸ್ವೀಕರಿಸಿ” ಎನ್ನುತ್ತಿತ್ತು. ತಟ್ಟೆಯ ಭಾರ ಇಳಿದರೆ ಕಪ್ಪು ಎತ್ತಿಕೊಂಡರು ಎಂದು ತಿಳಿದು ಮುಂದೆ ಹೋಗುತ್ತಿತ್ತು. ಇಳಿಯದಿದ್ದರೆ ಸ್ವಲ್ಪ ಕಾದು, ಇವರಿಗೆ ಬೇಡ ಎಂದು ತಿಳಿದು ಆಗಲೂ ಮುಂದೆ ಹೋಗುತ್ತಿತ್ತು.

ಅದರ ಪರೀಕ್ಷೆಯೆಲ್ಲ ನಡೆದದ್ದು ಲ್ಯಾಬಿನಲ್ಲೇ. ಪರೀಕ್ಷೆಗೆ ಕೂರುತ್ತಿದ್ದವರು ನಾಷ್ಟಾ ಮಾಡದೆ ಬಂದ ಸಂಶೋಧಕರು. ಬೆಂಗಳೂರು ಕಡೆಯ ಸಹಪಾಠಿಯೊಬ್ಬನಂತೂ ಗಾಡಿ ಬಾಯಿ ತೆರೆಯುವ ಮೊದಲೇ ಕಪ್ಪು ಎತ್ತಿಬಿಡುತ್ತಿದ್ದ. ಹೀಗಾಗಿ ಫಲಿತಾಂಶ ನೂರಕ್ಕೆ ನೂರು. ಅದನ್ನೇ ಪ್ರಬಂಧವಾಗಿಸಿ ನಮ್ಮ ಮಾರ್ಗದರ್ಶಕರು ಪರದೇಶದ ಸಮ್ಮೇಳನವೊಂದರಲ್ಲಿ ಓದಿ ಬಂದರು. ಅಲ್ಲಿ ಚಹಾ ಮಾತ್ರ ಸಿಗಲಿಲ್ಲವಂತೆ.

ಯೋಜನೆಯ ಅರ್ಜಿಯಲ್ಲಿ ‘ಗ್ರಾಮೀಣ ಜನರಿಗಾಗಿ’ ಎಂಬ ಮಾತು ಸೇರಿಸಿದ್ದರಿಂದ ಕೊನೆಯ ಪ್ರದರ್ಶನವನ್ನು ಆಳಂದದ ಒಂದು ಸಭಾಂಗಣದಲ್ಲಿ ಇಡಬೇಕಾಯಿತು. ಅದನ್ನು ನೋಡಲು ಹೊರಗಿನಿಂದ ಒಬ್ಬ ತಜ್ಞರು ಬರುವವರಿದ್ದರು. ಅವರ ಹೊಸ ಯೋಜನೆಯಲ್ಲಿ ಸಂಶೋಧನಾ ಸಹಾಯಕರ ಹುದ್ದೆ ಒಂದಿತ್ತು, ಒಂದೇ ಒಂದು. ನನ್ನ ಫೆಲೋಶಿಪ್ ಆ ತಿಂಗಳಿಗೆ ಮುಗಿಯುತ್ತಿತ್ತು. ಆ ಹುದ್ದೆ ಸಿಕ್ಕರೆ ಲ್ಯಾಬು, ಇಲ್ಲದಿದ್ದರೆ ಲ್ಯಾಬಿಗೆ ನಮಸ್ಕಾರ. ಮಾರ್ಗದರ್ಶಕರು ಧೈರ್ಯ ಹೇಳಿದ್ದರು.

“ನಿನ್ನ ಬಗ್ಗೆ ಎಲ್ಲಾ ಹೇಳೀನಿ. ಅವರೇ ಕೇಳ್ತಾರ. ನೀ ಮುಂದ ಬಿದ್ದು ಕೇಳಬ್ಯಾಡ, ಛಲೋ ಕಾಣೂದಿಲ್ಲ.”

ಪ್ರದರ್ಶನದ ದಿನ ಆಳಂದದವರು ಸಭಾಂಗಣ ತುಂಬಿಸಿದರು. ರೋಬೋಟ್ ನೋಡುವ ಆಸೆ ಒಂದು ಕಡೆ, ಪುಕ್ಕಟೆ ಚಹಾ ಇನ್ನೊಂದು ಕಡೆ. ಚಿಗವ್ವನೂ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಗಾಡಿಗೆ ಹೂವಿನ ಹಾರ ಹಾಕಿದರು. ಭಾಷಣಗಳು ಮುಗಿಯುವ ಹೊತ್ತಿಗೆ ಎಲ್ಲರ ಗಂಟಲೂ ಒಣಗಿತ್ತು. ನಾನು ಗುಂಡಿ ಒತ್ತಿದೆ.

ಗಾಡಿ ಗಂಭೀರವಾಗಿ ಹೊರಟು ಮುಂದಿನ ಸಾಲಿನ ಮೊದಲ ಕುರ್ಚಿಯ ಎದುರು ನಿಂತಿತು. ಅಲ್ಲಿದ್ದವರು ಉರ್ದು ಶಾಲೆಯ ನಿವೃತ್ತ ಮಾಸ್ತರರು. ಗಾಡಿ ತನ್ನ ಮಾತು ಹೇಳಿತು. ಮಾಸ್ತರರು ಎದೆಯ ಮೇಲೆ ಕೈಯಿಟ್ಟು, “ಅರೆ ಬೇಟಾ, ಮೊದಲ ಸಾಹೇಬ್ರಿಗೆ ಕೊಡು” ಎಂದು ತಜ್ಞರ ಕಡೆ ತೋರಿಸಿದರು. ಗಾಡಿ ಕಾಯುವಷ್ಟು ಕಾದು ಮುಂದೆ ಹೋಯಿತು. ಎರಡನೆಯವರು ಅಫಜಲಪುರದಿಂದ ಬಂದಿದ್ದ ಬೀಜದ ವ್ಯಾಪಾರಿ. “ಈಗೇ ಕುಡದ ಬಂದೀನ್ರಿ” ಎಂದರು. ಕಣ್ಣು ಮಾತ್ರ ಕಪ್ಪಿನ ಮೇಲೇ ಇತ್ತು. ಗಾಡಿ ಅವರನ್ನೂ ದಾಟಿತು. ಮೂರನೆಯವರಾಗಿ ಕುಳಿತಿದ್ದ ತಜ್ಞರು ಥಟ್ಟನೆ ಕಪ್ಪು ಎತ್ತಿ ಗುಟುಕರಿಸಿದರು. ಸಾಹೇಬರದಾಯಿತು, ಇನ್ನು ತಮ್ಮ ಸರದಿ ಎಂದು ಮಾಸ್ತರರು ಸರಿಯಾಗಿ ಕುಳಿತುಕೊಂಡರು. ಆದರೆ ಗಾಡಿ ಹಿಂದೆ ತಿರುಗಲಿಲ್ಲ.

ನಮ್ಮ ಕಡೆ ಚಹಾ ಎಂದ ಕೂಡಲೇ ಕೈಚಾಚಿದವರಿಗೆ ರೀತಿ ರಿವಾಜು ಗೊತ್ತಿಲ್ಲ ಎಂದೇ ಲೆಕ್ಕ. ಮೊದಲ ಸಲ ಬೇಡ ಅನ್ನಬೇಕು. ಮತ್ತೆ ಕೇಳಿದರೆ ಈಗ ತಾನೇ ಕುಡಿದೆ ಅನ್ನಬೇಕು. ಮತ್ತೂ ಒತ್ತಾಯ ಮಾಡಿದರೆ ‘ಹಂಗಾರ ಅರ್ಧಾ ಕಪ್’ ಅನ್ನಬೇಕು. ಅರ್ಧ ಎಂದವರಿಗೆ ತುಂಬಿಸಿ ಕೊಡಬೇಕು. ಇದು ನನಗೆ ಮಾತು ಬಂದಾಗಿನಿಂದ ಗೊತ್ತು. ಪ್ರೋಗ್ರಾಮ್ ಬರೆಯುವಾಗ ಮಾತ್ರ ನೆನಪಾಗಲಿಲ್ಲ, ಏಕೆಂದರೆ ನಾನು ಓದಿದ ಯಾವ ಪ್ರಬಂಧದಲ್ಲೂ ಅದು ಇರಲಿಲ್ಲ.

ಗಾಡಿ ಸಭಾಂಗಣವನ್ನೆಲ್ಲ ಸುತ್ತಿ, ತುಂಬಿದ ಕಪ್ಪುಗಳನ್ನು ಹೊತ್ತುಕೊಂಡೇ ಬಂದು ಗೋಡೆಯ ಬಳಿ ನಿಂತು, “ಎಲ್ಲರಿಗೂ ಧನ್ಯವಾದ” ಎಂದಿತು. ಹಿಂದಿನಿಂದ ಯಾರೋ, “ಒಮ್ಮೆ ಕೇಳಿ ಹೋಗೇಬಿಡ್ತಲ್ಲೋ, ಏನ್ ಸೊಕ್ಕು ಅದಕ!” ಎಂದರು. ನನಗೆ ನೆಲ ಬಿರಿದರೆ ಸಾಕೆನಿಸಿತ್ತು. ಆಗ ಚಿಗವ್ವ ಎದ್ದಳು. ಸೆರಗು ಸಿಕ್ಕಿಸಿ, ತಟ್ಟೆಯನ್ನು ಗಾಡಿಯಿಂದ ಕಿತ್ತುಕೊಂಡು ನಡೆದಳು. “ತಗೋರಿ ಮಾಸ್ತರ್ರ, ಅರ್ಧಾ ಕಪ್ಪರ ತಗೋರಿ. ನೀವ್ ತಗೋಲಿಲ್ಲಂದ್ರ ನಾ ಇಲ್ಲಿಂದ ಕದಲಂಗಿಲ್ಲ.” ತಟ್ಟೆ ಖಾಲಿಯಾಗಲು ಹೊತ್ತೇ ಹಿಡಿಯಲಿಲ್ಲ. ಮಾರ್ಗದರ್ಶಕರು ಮೈಕು ಹಿಡಿದು, ಈಗ ತಾವು ನೋಡಿದ್ದು ಮಾನವ ಮತ್ತು ಯಂತ್ರದ ಸಹಯೋಗ ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು. ತಜ್ಞರು ತಮ್ಮ ವರದಿಯಲ್ಲಿ, ಆಳಂದ ಭಾಗದ ಜನರಿಗೆ ಚಹಾ ಕುಡಿಯುವ ಅಭ್ಯಾಸ ಅಷ್ಟಾಗಿ ಇಲ್ಲ, ಯಂತ್ರದಲ್ಲಿ ದೋಷವೇನೂ ಕಾಣಲಿಲ್ಲ ಎಂದು ಬರೆದರು.

ಹೊರಡುವ ಮುಂಚೆ ಅವರು ನನ್ನನ್ನು ಪಕ್ಕಕ್ಕೆ ಕರೆದರು. ಬೆಂಗಳೂರು ಕಡೆಯ ಸಹಪಾಠಿಯೂ ಅಲ್ಲೇ ವೈರು ಸುತ್ತುತ್ತಿದ್ದ.

“ನಿಮ್ಮ ಕೆಲಸ ನನಗೆ ಹಿಡಿಸಿತು. ನಮ್ಮ ಯೋಜನೆಗೆ ಬರ್ತೀರಾ?”

ತಿಂಗಳುಗಟ್ಟಲೆ ಕಾದಿದ್ದ ಮಾತು. ನನ್ನ ಬಾಯಿ ತನ್ನಷ್ಟಕ್ಕೆ ತಾನೇ ಹೇಳಿತು: “ಅಯ್ಯ, ಬ್ಯಾಡ್ರಿ ಸರ್. ನಾ ಅಷ್ಟ ಶಾಣ್ಯಾಕಿ ಅಲ್ರಿ.”

ಹೇಳಿ, ತಲೆ ತಗ್ಗಿಸಿ, ಎರಡನೇ ಸಲ ಕೇಳಲಿ ಎಂದು ನಿಂತೆ. ಅವರು ಸ್ವಲ್ಪ ಕಾದರು. ನಮ್ಮ ಗಾಡಿ ಕಾಯುವುದಕ್ಕಿಂತ ಒಂದಿಷ್ಟು ಹೆಚ್ಚೇ ಕಾದರು. ಆಮೇಲೆ “ಸರಿ, ಪರವಾಗಿಲ್ಲ” ಎಂದು ಪಕ್ಕಕ್ಕೆ ತಿರುಗಿ, “ನೀವು?” ಎಂದರು.

“ಆಯ್ತು ಸರ್” ಎಂದ ಸಹಪಾಠಿ. ಅವನ ಕೈ ಯಾವಾಗಲೂ ಚುರುಕು.

ಊರಿಗೆ ಹೋಗುವ ಬಸ್ಸಿನಲ್ಲಿ ಚಿಗವ್ವನಿಗೆ ಎಲ್ಲ ಹೇಳಿದೆ. ಅವಳು ನಂಬಲಿಲ್ಲ. “ಇನ್ನೊಮ್ಮೆ ಕೇಳಲಿಲ್ಲೇನ ಬೇ? ಇನ್ನೊಮ್ಮೆನೂ ಕೇಳಲಿಲ್ಲ?” ಎಂದು ಅವಳೇ ಮತ್ತೆ ಮತ್ತೆ ಕೇಳಿದಳು. ನನಗೆ ಅಳು ಬಂತು. ಕಿಟಕಿಯ ಕಡೆ ಮುಖ ಮಾಡಿ ಅತ್ತೆ.

ಲ್ಯಾಬ್ ಬಿಡುವ ಮೊದಲಿನ ವಾರ ಪ್ರೋಗ್ರಾಮ್ ತಿದ್ದಿದೆ. ಬೇಡವೆಂದವರ ಎದುರಿನಿಂದ ಗಾಡಿ ಕದಲದಂತೆ ಮಾಡಿ, ರೇಡಿಯೋ ದನಿ ತೆಗೆದು ಚಿಗವ್ವನ ದನಿ ಹಾಕಿದೆ. ಇದಕ್ಕೆ ಮಾರ್ಗದರ್ಶಕರು ಎರಡು ಸಾಲಿನ ಹೆಸರೊಂದನ್ನು ಇಟ್ಟರು. ಕೊನೆಯ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನೊಬ್ಬಳೇ ಕುರ್ಚಿಯಲ್ಲಿ ಕುಳಿತು ಗುಂಡಿ ಒತ್ತಿದೆ. ಗಾಡಿ ಬಂದು ನಿಂತಿತು.

“ಚಾ ತಗೋ ಬೇ.”

ಬ್ಯಾಡ ಎಂದೆ. ಅದು ಹೋಗಲಿಲ್ಲ. ಮತ್ತೆ ಕೇಳಿತು. ಈಗೇ ಕುಡದೀನಿ ಎಂದೆ.

“ಅರ್ಧಾ ಕಪ್ಪರ ತಗೋ. ನಾ ಇಲ್ಲಿಂದ ಕದಲಂಗಿಲ್ಲ.”

ಕಪ್ಪು ಎತ್ತಿಕೊಂಡೆ. ಚಹಾ ಆರಿಹೋಗಿತ್ತು. ತಳದವರೆಗೂ ಕುಡಿದೆ.